ಹದಿಮೂರು ಮಕ್ಕಳು, ಆಷಾಢದ ಮಳೆ, ಒಂದು ರಾಗಿ ಆನೆ

2025ರ ಜುಲೈ ಮೊದಲ ವಾರದಲ್ಲಿ ನನ್ನ ತಂಗಿ ಮೊಬೈಲಿಗೆ ಕಳಿಸಿದ ಪಟ್ಟಿಯಲ್ಲಿ ಹನ್ನೊಂದು ತಿಂಡಿಗಳಿದ್ದವು. ಎರಡು ಕಿಲೋ ಆನೆ ಕೇಕ್, ಗೋಬಿ ಮಂಚೂರಿ, ನೂಡಲ್ಸ್, ಪಾಪ್‌ಕಾರ್ನ್, ಚಿಪ್ಸ್, ಜೆಲ್ಲಿ ಮಿಠಾಯಿ, ಕಿತ್ತಳೆ ಬಣ್ಣದ ಜ್ಯೂಸ್, ಐಸ್‌ಕ್ರೀಮ್. ಅದರ ಕೆಳಗೊಂದು ಗೆರೆ ಎಳೆದು, ದೊಡ್ಡವರಿಗೆ ಎಂದು ಬರೆದು, ಪಲಾವ್, ಮೊಸರು ಬಜ್ಜಿ, ಜಾಮೂನು. ಅಂದಾಜು ಖರ್ಚು 11,000 ರೂಪಾಯಿ. ಇಷ್ಟೆಲ್ಲ ಅವಳ ಮಗಳು ಪುಟ್ಟಿಗೆ ನಾಲ್ಕು ವರ್ಷ ತುಂಬುವ ಸಂಭ್ರಮಕ್ಕೆ. ಪಟ್ಟಿಯ ಕೊನೆಯಲ್ಲಿ ಒಂದು ಸಾಲು: "ಅಕ್ಕ, ಸಿಂಪಲ್ಲಾಗಿ ಮಾಡೋಣ ಎಂದುಕೊಂಡಿದ್ದೇವೆ."

ನಾನು ಶಿವಮೊಗ್ಗದಲ್ಲಿ ಗೃಹವಿಜ್ಞಾನ ಕಲಿಸುವವಳು. ತೂಕ, ಹೊತ್ತು, ಉಳಿದದ್ದು, ಚೆಲ್ಲಿದ್ದು ಎಲ್ಲವನ್ನೂ ಬರೆದಿಡುವುದು ಕಸುಬಿನಿಂದ ಬಂದ ಚಟ. ಹುಟ್ಟುಹಬ್ಬ ನಡೆದ ಭಾನುವಾರದ ಲೆಕ್ಕವೂ ನನ್ನ ಪುಸ್ತಕದಲ್ಲಿದೆ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ, ಅದನ್ನೂ ಬರೆಯುತ್ತೇನೆ.

ತಂಗಿಯ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಲ್ಲಿ. ಮುಖ್ಯ ರಸ್ತೆ ಬಿಟ್ಟು ಅಡಿಕೆ ತೋಟಗಳ ನಡುವೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಅದರ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಅಂಥ ಕಡೆ ಜುಲೈ ತಿಂಗಳಲ್ಲಿ, ಸಂಜೆ ಐದೂವರೆಗೆ, ಐಸ್‌ಕ್ರೀಮ್! ಆಷಾಢದಲ್ಲಿ ಮದುವೆ ಮುಂಜಿ ಇಲ್ಲದ್ದರಿಂದ ಅಡುಗೆ ಭಟ್ಟರು ಬಿಡುವಾಗಿದ್ದಾರೆ, ಅವರಿಗೇ ಒಪ್ಪಿಸಿಬಿಡಬಹುದು ಎಂಬುದು ತಂಗಿಯ ಗಂಡನ ಯೋಚನೆ. ಭಟ್ಟರು ಬರುತ್ತಾರೆ, ನಿಜ. ಬಂದು ಮದುವೆ ಮನೆಯ ಅಡುಗೆ ಮಾಡಿ ಹೋಗುತ್ತಾರೆ.

ಪಟ್ಟಿಯ ಮೇಲೆ ಗೀಟು

ಮೊದಲು ತಲೆ ಎಣಿಸಲು ಹೇಳಿದೆ. ಬರುವ ಮಕ್ಕಳು ಹದಿಮೂರು: ಎರಡು ವರ್ಷದೊಳಗಿನವರು ಇಬ್ಬರು, ಎರಡರಿಂದ ನಾಲ್ಕರ ನಡುವಿನವರು ಐವರು, ಐದರಿಂದ ಒಂಬತ್ತರವರು ಆರು. ದೊಡ್ಡವರು ಹತ್ತೊಂಬತ್ತು. ಪಟ್ಟಿಯನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದಾಗ ತಂಗಿಗೇ ನಗು ಬಂತು. ಸಣ್ಣ ಮಕ್ಕಳಿಗೆ ಬಡಿಸಲು ಒಂದು ರೂಢಿಯ ಅಳತೆ ಇದೆ: ವಯಸ್ಸಿನ ಒಂದೊಂದು ವರ್ಷಕ್ಕೆ ಒಂದೊಂದು ದೊಡ್ಡ ಚಮಚ. ನಾಲ್ಕು ವರ್ಷದ ಮಗುವಿನ ಮುಂದೆ ಪ್ರತಿಯೊಂದರಿಂದ ನಾಲ್ಕು ಚಮಚದಂತೆ ಹನ್ನೊಂದು ತಿಂಡಿ ಇಟ್ಟರೆ ಅದು ತಿನ್ನುವುದು ಎರಡನ್ನು. ಉಳಿದ ಒಂಬತ್ತು ತಿಂಡಿ ಯಾರಿಗಾಗಿ? ಫೋಟೊಕ್ಕಾಗಿ, ನೆಂಟರಿಗಾಗಿ, ಹೋದ ತಿಂಗಳು ಕರೆದವರ ಮನೆಯಲ್ಲಿ ಏಳು ಬಗೆ ಇದ್ದವು ಎಂಬ ನೆನಪಿಗಾಗಿ.

ಪಾಪ್‌ಕಾರ್ನ್ ಮೊದಲು ಹೋಯಿತು. ನಾಲ್ಕು ವರ್ಷದೊಳಗಿನ ಮಕ್ಕಳ ಗಂಟಲಿಗೆ ಅಪಾಯವೆಂದು ವೈದ್ಯರು ಹೇಳುವ ತಿನಿಸುಗಳಲ್ಲಿ ಅದೂ ಒಂದು. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿ ಅದರ ಜೊತೆಗಾರರು. ಅಗಿಯುವ ದವಡೆ ಹಲ್ಲು ಇನ್ನೂ ಪೂರ್ತಿ ಪಳಗಿರುವುದಿಲ್ಲ, ಉಸಿರುನಾಳ ಸಣ್ಣದು, ಮೇಲಾಗಿ ಹುಟ್ಟುಹಬ್ಬದ ಮನೆಯಲ್ಲಿ ಮಕ್ಕಳು ಕುಳಿತು ತಿನ್ನುವುದಿಲ್ಲ, ಓಡುತ್ತಾ ತಿನ್ನುತ್ತವೆ. ಜೆಲ್ಲಿ ಮಿಠಾಯಿಯೂ ಅದೇ ಕಾರಣಕ್ಕೆ ಹೋಯಿತು. ಗೋಬಿ ಮಂಚೂರಿಯನ್ನು ಬಿಡಿಸಲು ಹೆಚ್ಚು ವಾದ ಬೇಕಾಗಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಸುದ್ದಿ ತಂಗಿಗೆ ನೆನಪಿತ್ತು. ಐಸ್‌ಕ್ರೀಮ್ ವಿಷಯವನ್ನು ಕರೆಂಟಿಗೆ ಬಿಟ್ಟೆವು. ಅದು ನಮ್ಮ ಪರವಾಗಿ ತೀರ್ಪು ಕೊಟ್ಟೇ ಕೊಡುತ್ತದೆ ಎಂದು ಗೊತ್ತಿತ್ತು.

ಕೇಕಿನ ಬಳಿ ಬಂದು ನಿಂತೆವು. ಪುಟ್ಟಿಗೆ ಆನೆ ಬೇಕು. ಶಿವಮೊಗ್ಗಕ್ಕೆ ಬರುವಾಗಲೆಲ್ಲ ಅವಳು ಸಕ್ರೆಬೈಲಿನಲ್ಲಿ ಇಳಿಯಲೇಬೇಕು, ತುಂಗೆಯ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ನೋಡಲೇಬೇಕು. ಆನೆಯಾಕಾರದ ಕೇಕಿಗೆ ಬೂದು ಬಣ್ಣ, ನೀಲಿ ಬಣ್ಣ, ಅದರ ಮೇಲೆ ಬೆರಳು ದಪ್ಪದ ಸಕ್ಕರೆ ಪದರ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣದ ಕಾರಣಕ್ಕೆ ಅಸುರಕ್ಷಿತವೆಂದು ಬಂದವು. ಉಳಿದ 223 ಸರಿಯಿದ್ದವು ಎಂಬುದನ್ನೂ ಹೇಳಬೇಕು. ಹೆದರಿಸಿ ಮಾತು ಗೆಲ್ಲುವುದು ನನಗೆ ಇಷ್ಟವಿಲ್ಲ. ನನ್ನ ತಕರಾರು ಬಣ್ಣಕ್ಕಿಂತ ಸಕ್ಕರೆಯ ಲೆಕ್ಕದ್ದು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೋ ಕ್ಯಾಲೊರಿ ಬೇಕು. ಅದರಲ್ಲಿ ಶೇ 10ಕ್ಕಿಂತ ಹೆಚ್ಚು ಭಾಗ ಸೇರಿಸಿದ ಸಕ್ಕರೆಯಿಂದ ಬರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ 34 ಗ್ರಾಂ, ಸಣ್ಣ ಚಮಚದಲ್ಲಿ ಏಳು. ಒಂದು ತುಂಡು ಕೇಕು, ಒಂದು ಲೋಟ ಜ್ಯೂಸು ಸೇರಿದರೆ ದಿನದ ಪಾಲು ಮುಗಿದ ಹಾಗೆಯೇ. ವರ್ಷಕ್ಕೊಂದು ದಿನ ಮೀರಿದರೆ ಏನಾಯಿತು ಎಂದು ತಂಗಿ ಕೇಳಿದಳು. ಸರಿಯಾದ ಪ್ರಶ್ನೆ. ಹದಿಮೂರು ಮಕ್ಕಳ ಹುಟ್ಟುಹಬ್ಬ ವರ್ಷಕ್ಕೆ ಹದಿಮೂರು ಬರುತ್ತವೆ ಎಂದೆ. ಕೊನೆಗೆ ಒಪ್ಪಂದವಾಯಿತು: ದೀಪ ಊದಲು ಮೊಟ್ಟೆಯಿಲ್ಲದ ಅರ್ಧ ಕಿಲೋ ಬಿಳಿ ಕೇಕು, ಆನೆ ಬೇರೆ.

ಆನೆಯ ಉಪಾಯ ಹೇಳಿದವರು ತಂಗಿಯ ಅತ್ತೆ, ಪುಟ್ಟಿಯ ಅಜ್ಜಿ. "ಆನೆಯ ಬಣ್ಣದ ಸಿಹಿ ಎಂದರೆ ರಾಗಿ ಹಾಲುಬಾಯಿ. ತಟ್ಟೆಯಲ್ಲಿ ಹರಡಿ, ಚಾಕುವಿನಲ್ಲಿ ಸೊಂಡಿಲು ಬಿಡಿಸಿದರೆ ಆಯಿತಲ್ಲ?" ನಾನು ಇಷ್ಟು ವರ್ಷ ಪಾಠ ಮಾಡಿ ಹುಡುಕಲಾಗದ್ದನ್ನು ಅವರು ಅಡಿಕೆ ಹೋಳು ಮಾಡುತ್ತಲೇ ಹೇಳಿಬಿಟ್ಟರು.

ಇನ್ನು ನೂಡಲ್ಸ್. ಮಕ್ಕಳಿಗೆ ಅದರಲ್ಲಿ ಇಷ್ಟವಾಗುವುದು ಏನು? ಮಸಾಲೆ ಅಲ್ಲ, ಉದ್ದ. ಎಳೆದು ತಿನ್ನಬಹುದು, ಬಾಯಿಂದ ನೇತಾಡಿಸಬಹುದು. ಹಾಗಾದರೆ ಒತ್ತು ಶ್ಯಾವಿಗೆ ಇದೆಯಲ್ಲ! ಕಾಯಿಹಾಲಿನ ಜೊತೆ ಸಿಹಿಗೆ, ನಿಂಬೆಹಣ್ಣು, ಅರಿಶಿನದ ಒಗ್ಗರಣೆಯಲ್ಲಿ ಖಾರವಿಲ್ಲದ ಚಿತ್ರಾನ್ನದ ಹಾಗೆ. ದೊಡ್ಡವರಿಗೂ ಅದೇ, ಒಗ್ಗರಣೆಗೆ ಹಸಿಮೆಣಸು ಸೇರಿಸಿ. ಒಂದೇ ಅಡುಗೆ, ಎರಡು ಪಾತ್ರೆ. ತಂಗಿಯ ಗಂಡನ ಮುಖ ಮಾತ್ರ ಸಪ್ಪಗಾಯಿತು. "ಹುಟ್ಟುಹಬ್ಬಕ್ಕೆ ಕರೆದು ಶ್ಯಾವಿಗೆ ಹಾಕಿದರು ಎಂದು ಊರೆಲ್ಲ ಆಡಿಕೊಳ್ಳುತ್ತಾರೆ." ಅಜ್ಜಿ ತಲೆ ಎತ್ತದೆ ಹೇಳಿದರು: "ಆಡಿಕೊಳ್ಳುವವರು ಎರಡನೆಯ ಸಲ ಹಾಕಿಸಿಕೊಂಡ ಮೇಲೆ ಆಡಿಕೊಳ್ಳುತ್ತಾರೆ, ಬಿಡು."

ಕೇಳಲು ಸಂಕೋಚವಾದ ಪ್ರಶ್ನೆ

ಕರೆಯುವ ಪ್ರತಿ ಮನೆಗೂ ಫೋನ್ ಮಾಡಿ, ಮಗುವಿಗೆ ಆಗದ ತಿನಿಸು ಏನಾದರೂ ಇದೆಯೇ ಎಂದು ಕೇಳು ಎಂದೆ. ತಂಗಿಗೆ ಇದು ಮುಜುಗರದ ಕೆಲಸ. ಅವರೇ ಹೇಳುತ್ತಾರೆ ಎಂದಳು. ಯಾರೂ ತಾವಾಗಿ ಹೇಳುವುದಿಲ್ಲ. ಕರೆದವರಿಗೆ ತೊಂದರೆ ಕೊಟ್ಟಂತಾಗುತ್ತದೆ ಎಂಬ ದಾಕ್ಷಿಣ್ಯ. ಮನೆಯ ಹಿಂದಿನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಮಾವಿನ ಮರದಡಿ ಕೊಡೆ ಹಿಡಿದು ನಿಂತು ಅವಳು ಒಂಬತ್ತು ಮನೆಗೆ ಫೋನ್ ಮಾಡಿದಳು. ಎಂಟು ಮನೆಯವರು ಏನೂ ಇಲ್ಲ ಎಂದರು. ಒಂಬತ್ತನೆಯ ಮನೆಯಾಕೆ ತುಸು ತಡೆದು, ತನ್ನ ಐದು ವರ್ಷದ ಮಗನಿಗೆ ಹಾಲು ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ, ಡಬ್ಬಿಯಲ್ಲಿ ಅವನದ್ದು ತಾನೇ ತರುತ್ತೇನೆ ಎಂದಳು.

ಹಾಲಿನ ಅಲರ್ಜಿ ಎಂದರೆ ಹಾಲಿನ ಪ್ರೋಟೀನಿಗೆ ಮೈ ತಿರುಗಿಬೀಳುವುದು. ಹಾಲು ಕುಡಿದರೆ ಹೊಟ್ಟೆ ಉಬ್ಬುವ ಲ್ಯಾಕ್ಟೋಸ್ ತೊಂದರೆಯೇ ಬೇರೆ. ಅಲರ್ಜಿ ಇರುವವರಿಗೆ ಸ್ವಲ್ಪ ಹಾಕಿದರೆ ಏನೂ ಆಗುವುದಿಲ್ಲ ಎಂಬ ಮಾತು ನಡೆಯುವುದಿಲ್ಲ. ತುಪ್ಪದಲ್ಲಿಯೂ ಆ ಪ್ರೋಟೀನಿನ ಅಂಶ ಉಳಿದಿರಬಹುದು. ದೀಪ ಊದುವ ಕೇಕನ್ನು ಬಿಟ್ಟು ನಮ್ಮ ಹೊಸ ಪಟ್ಟಿಯನ್ನು ನೋಡಿದೆವು. ಹಾಲುಬಾಯಿ ಹೆಸರಿನಲ್ಲಿ ಹಾಲಿದ್ದರೂ ಒಳಗಿರುವುದು ರಾಗಿಯ ಹಾಲು, ಕಾಯಿಯ ಹಾಲು. ಶ್ಯಾವಿಗೆಗೆ ಕಾಯಿಹಾಲು. ತಟ್ಟೆಗೆ ಸವರುವ ತುಪ್ಪದ ಬದಲು ಕೊಬ್ಬರಿ ಎಣ್ಣೆ ಎಂದು ಬರೆದುಕೊಂಡೆವು. ಅಷ್ಟೇ ಬದಲಾವಣೆ. ಹಳೆಯ ಪಟ್ಟಿಯಾಗಿದ್ದರೆ ಆ ಹುಡುಗ ಕೇಕು, ಐಸ್‌ಕ್ರೀಮ್, ಜಾಮೂನು, ಮೊಸರು ಬಜ್ಜಿ ನೋಡುತ್ತಾ ಡಬ್ಬಿ ಬಿಚ್ಚಬೇಕಿತ್ತು.

ಹಿಂದಿನ ದಿನ ಮತ್ತು ಆ ದಿನ

ಶನಿವಾರ ಸಂಜೆ ನಾಲ್ಕಕ್ಕೆ ಕರೆಂಟು ಹೋಯಿತು. ನಾನು ಬಸ್ಸಿಳಿದು ಬಂದವಳು, ಶ್ಯಾವಿಗೆಗೆ ಅಕ್ಕಿ ನೆನೆಹಾಕಿದ್ದೀರಾ ಎಂದು ಗಾಬರಿಯಿಂದ ಕೇಳಿದೆ. ಅಜ್ಜಿ ಶುಕ್ರವಾರವೇ ಮೂರು ಕಿಲೋ ಅಕ್ಕಿಯನ್ನು ಗಿರಣಿಯಲ್ಲಿ ಹಿಟ್ಟು ಮಾಡಿಸಿಟ್ಟಿದ್ದರು. ಮಳೆಗಾಲದಲ್ಲಿ ಗ್ರೈಂಡರ್ ನಂಬಿ ಅಕ್ಕಿ ನೆನೆಹಾಕುವವರು ಈ ಊರಿಗೆ ಹೊಸಬರು ಎಂದರು. ರಾಗಿ ಮಾತ್ರ ಅರ್ಧ ಕಿಲೋ ನೆನೆದಿತ್ತು. ಅದನ್ನು ಭಾನುವಾರ ಬೆಳಿಗ್ಗೆ ಎರಡು ತೆಂಗಿನಕಾಯಿಯ ತುರಿಯೊಂದಿಗೆ ಒರಳಿನಲ್ಲಿ ರುಬ್ಬಿದೆವು. ರುಬ್ಬಿ, ಬಟ್ಟೆಯಲ್ಲಿ ಸೋಸಿ, ಚರಟವನ್ನು ಮತ್ತೆ ರುಬ್ಬಿ, ಮತ್ತೆ ಸೋಸಿ. ಎರಡು ತಟ್ಟೆಗೆ 600 ಗ್ರಾಂ ಬೆಲ್ಲ. ಅಜ್ಜಿಯ ಅಳತೆ 900 ಗ್ರಾಂ; ನಾನು ಮೂರರಲ್ಲೊಂದು ಪಾಲು ಕಡಿಮೆ ಮಾಡಿಸಿದೆ. ಒಂದು ತಟ್ಟೆಗೆ ಮೂವತ್ತು ತುಂಡು ಎಂದು ಹಿಡಿದರೆ ತುಂಡಿಗೆ ಹತ್ತು ಗ್ರಾಂ ಬೆಲ್ಲ ಬರುತ್ತದೆ. ಬೆಲ್ಲವೆಂದ ಮಾತ್ರಕ್ಕೆ ಪುಣ್ಯ ಬರುವುದಿಲ್ಲ, ದೇಹದ ಲೆಕ್ಕದಲ್ಲಿ ಅದೂ ಸಕ್ಕರೆಯೇ. ದಪ್ಪ ತಳದ ಪಾತ್ರೆಯಲ್ಲಿ ತಳ ಬಿಡುವವರೆಗೆ ಮಗುಚಲು ಐವತ್ತು ನಿಮಿಷ ಹಿಡಿಯಿತು. ಮೂವರ ಕೈ ಸೋತಿತು. ಆರಿದ ಮೇಲೆ ಒಂದು ತಟ್ಟೆಯದನ್ನು ವಜ್ರಾಕಾರದಲ್ಲಿ ಕತ್ತರಿಸಿದೆವು. ಇನ್ನೊಂದರಲ್ಲಿ ತಂಗಿ ಆನೆ ಬಿಡಿಸಿದಳು. ಮೊದಲು ಹಂದಿಯಂತಿತ್ತು, ಸೊಂಡಿಲು ಉದ್ದ ಮಾಡಿದ ಮೇಲೆ ಆನೆಯಾಯಿತು. ಕಣ್ಣಿಗೆ ಒಂದು ಏಲಕ್ಕಿ ಕಾಳು.

ಹೊತ್ತನ್ನು ಐದೂವರೆಯಿಂದ ಮೂರೂವರೆಗೆ ಹಿಂದಕ್ಕೆ ತಂದಿದ್ದೆವು. ಈ ಪ್ರಕರಣದಲ್ಲಿ ಯಾವ ತಿಂಡಿಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಇದೇ ಎಂದು ನನ್ನ ಅಭಿಪ್ರಾಯ. ಮಧ್ಯಾಹ್ನ ಮಲಗಿ ಎದ್ದ ಮಗುವಿಗೆ ಮೂರೂವರೆ, ನಾಲ್ಕಕ್ಕೆ ತಾನಾಗಿ ಹಸಿವಾಗುತ್ತದೆ. ಆಗ ಏನು ಕೊಟ್ಟರೂ ತಿನ್ನುತ್ತದೆ. ಐದೂವರೆಗೆ ಕರೆದು, ದೀಪ ಹಚ್ಚಿ, ಹಾಡು ಹೇಳಿ, ಫೋಟೊ ತೆಗೆದು ಬಡಿಸುವಾಗ ಆರೂವರೆ. ಅಷ್ಟರಲ್ಲಿ ಮಕ್ಕಳು ಚಿಪ್ಸ್ ತಿಂದು ಹಸಿವು ಕೆಡಿಸಿಕೊಂಡು ಅಳುತ್ತಿರುತ್ತವೆ. ಆಮೇಲೆ ತಾಯಂದಿರು, ನಮ್ಮ ಮಗು ಹೊರಗೆ ಏನೂ ತಿನ್ನುವುದಿಲ್ಲ ಎನ್ನುತ್ತಾರೆ.

ಆದರೆ ಮೂರೂವರೆಗೆ ಬಂದದ್ದು ನಾಲ್ಕೇ ಮಕ್ಕಳು. ಮುಖ್ಯ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಗರಗಸ ತಂದು ಕಡಿದು ದಾರಿ ಬಿಡಿಸಿ ಎಲ್ಲರೂ ಬಂದು ಸೇರುವಾಗ ನಾಲ್ಕು ಮುಕ್ಕಾಲು. ಶ್ಯಾವಿಗೆಯನ್ನು ಮೊದಲೇ ಒತ್ತಿಟ್ಟಿದ್ದರೆ ಅದು ತಣ್ಣಗಾಗಿ ಅಂಟಿಕೊಂಡಿರುತ್ತಿತ್ತು, ಕಾಯಿಹಾಲು ಹುಳಿ ವಾಸನೆ ಹಿಡಿಯುವ ದಾರಿಯಲ್ಲಿರುತ್ತಿತ್ತು. ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿ ಅಡುಗೆಯನ್ನು 60 ಡಿಗ್ರಿಗಿಂತ ಮೇಲೆಯೇ ಇಡಬೇಕು ಎಂದು ತರಗತಿಯಲ್ಲಿ ಹೇಳುತ್ತೇನೆ. ಅಜ್ಜಿಯ ಅಡುಗೆಮನೆಯಲ್ಲಿ ಅದು ತಾನಾಗಿ ನಡೆದಿತ್ತು. ಹಿಟ್ಟಿನ ಉಂಡೆಗಳು ಕುದಿಯುವ ನೀರಿನ ಹಂಡೆಯಲ್ಲಿದ್ದವು. ಕಾಯಿ ತುರಿಯಿತ್ತೇ ಹೊರತು ಇನ್ನೂ ಹಿಂಡಿರಲಿಲ್ಲ. ಜನ ಬಂದ ಮೇಲೆ ಜಗಲಿಯಲ್ಲಿಯೇ ಶ್ಯಾವಿಗೆ ಒರಳು ಇಟ್ಟು ತಂಗಿಯ ಗಂಡನೂ ಅವನ ತಮ್ಮನೂ ಒತ್ತಲು ನಿಂತರು. ಇದನ್ನು ನಾವು ಯೋಜಿಸಿರಲಿಲ್ಲ. ಹದಿಮೂರು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಬಂದು ಸುತ್ತ ಕುಳಿತರು. ಬಿಳಿ ಎಳೆಗಳು ಇಳಿದಾಗಲೆಲ್ಲ ಕೂಗು. ಆಡಿಸಲು ತಂದಿದ್ದ ಬಲೂನು, ಟೋಪಿ ಎಲ್ಲ ಮೂಲೆಯಲ್ಲಿ ಬಿದ್ದಿದ್ದವು. ಮರ್ಯಾದೆಯ ಚಿಂತೆ ಮಾಡಿದ್ದ ಮನುಷ್ಯ ಬನಿಯನ್ನಿನಲ್ಲಿ ಬೆವರುತ್ತಾ, ಇನ್ನೊಂದು ಉಂಡೆ ಕೊಡಿ ಎಂದು ಗರ್ವದಿಂದ ಕೇಳುತ್ತಿದ್ದ.

ನನ್ನ ತಪ್ಪು

ದಾರಿ ಬಿಡುವುದನ್ನು ಕಾಯುವಾಗ ಮೊದಲು ಬಂದ ಮಕ್ಕಳಿಗೆ ಕೊಡಲು ಮಂಡಕ್ಕಿ ಒಗ್ಗರಣೆ ಮಾಡಿದ್ದೆ. ಎರಡು ಪಾತ್ರೆ: ದೊಡ್ಡವರದ್ದರಲ್ಲಿ ಮೆಣಸಿನಕಾಯಿ, ಕಡಲೆಬೀಜ, ಮಕ್ಕಳದ್ದರಲ್ಲಿ ಎರಡೂ ಇಲ್ಲ. ಪಾಪ್‌ಕಾರ್ನ್ ಬಗ್ಗೆ ಅಷ್ಟು ದೊಡ್ಡ ಭಾಷಣ ಮಾಡಿದ ನಾನು, ಮಕ್ಕಳ ಪಾತ್ರೆಗೆ ಅಭ್ಯಾಸಬಲದಿಂದ ಒಂದು ಹಿಡಿ ಹುರಿಗಡಲೆ ಹಾಕಿದ್ದೆ. ಎರಡೂವರೆ ವರ್ಷದ ಹುಡುಗನೊಬ್ಬ ಬಾಯಿ ತುಂಬ ಹಾಕಿಕೊಂಡು ಬೆಕ್ಕಿನ ಹಿಂದೆ ಓಡಿದ. ಕೆಮ್ಮು ಶುರುವಾಯಿತು, ಮುಖ ಕೆಂಪಾಯಿತು. ಸುತ್ತಲಿದ್ದವರು ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟಿದರು; ಒಬ್ಬರು ನೀರಿನ ಲೋಟ ತಂದರು. ನಾನು ಲೋಟ ತಡೆದು, ಅವನನ್ನು ಮುಂದಕ್ಕೆ ಬಾಗಿಸಿ ಹಿಡಿದು, ಕೆಮ್ಮಲು ಬಿಟ್ಟೆ. ಕೆಮ್ಮುವ, ಅಳುವ ಸದ್ದು ಇರುವ ತನಕ ಗಾಳಿ ಆಡುತ್ತಿದೆ ಎಂದರ್ಥ. ಆಗ ನೀರು ಕುಡಿಸಬಾರದು, ಬಾಯಿಯೊಳಗೆ ಕುರುಡಾಗಿ ಬೆರಳು ತೂರಿಸಲೂಬಾರದು. ಸದ್ದು ನಿಂತರೆ ಮಾತ್ರ ಬೆನ್ನಿನ ಮೇಲೆ, ಎರಡು ಭುಜದ ನಡುವೆ, ಅಂಗೈಯ ಬುಡದಿಂದ ಐದು ಏಟು. ಸಿಕ್ಕಿಕೊಂಡದ್ದು ಹೊರಬಾರದಿದ್ದರೆ, ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತು. ಜೊತೆಗೆ ಯಾರಾದರೂ 108ಕ್ಕೆ ಫೋನ್ ಮಾಡಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ಮೇಲೆ ಒಂದು ಅಂಗೈಯ ಬುಡದಿಂದ ಒತ್ತಬೇಕು. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಅರ್ಧ ಹುರಿಗಡಲೆ ನೆಲಕ್ಕೆ ಬಿತ್ತು, ಹುಡುಗ ಜೋರಾಗಿ ಅತ್ತ, ಮತ್ತೆ ಬೆಕ್ಕಿನ ಹಿಂದೆ ಹೋದ. ನನ್ನ ಕೈ ಮಾತ್ರ ಸಂಜೆಯವರೆಗೆ ನಡುಗುತ್ತಿತ್ತು. ಆ ಪಾತ್ರೆಯ ಮಂಡಕ್ಕಿಯನ್ನು ಜರಡಿಗೆ ಹಾಕಿ ಕಡಲೆ ಬೇರೆ ಮಾಡಿದೆ. ಆಮೇಲೆ ಕೂತವರಿಗೆ ಮಾತ್ರ ಕೊಟ್ಟೆ. ಆ ತೀರ್ಥಹಳ್ಳಿ ರಸ್ತೆಯ ಮರ ತೆಗೆಯುವವರೆಗೆ ಆಸ್ಪತ್ರೆಗೂ ದಾರಿ ಇರಲಿಲ್ಲ ಎಂಬುದು ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಉಳಿದದ್ದು, ಮುಗಿದದ್ದು

ಮೂರು ಕಿಲೋ ಹಿಟ್ಟಿನ ಶ್ಯಾವಿಗೆಯಲ್ಲಿ ಉಳಿದದ್ದು ಎರಡು ಉಂಡೆಯಷ್ಟು. ಮಕ್ಕಳಲ್ಲಿ ಎಂಟು ಜನ ಕಾಯಿಹಾಲು ಬಿಟ್ಟು ಒಗ್ಗರಣೆಯದ್ದನ್ನೇ ಎರಡು ಸಲ ಹಾಕಿಸಿಕೊಂಡರು. ನನ್ನ ಅಂದಾಜು ತಿರುವುಮುರುವಾಗಿತ್ತು. ಆರು ಕಾಯಿ ಹಿಂಡಿದ್ದು ಹೆಚ್ಚಾಯಿತು, ನಾಲ್ಕು ಸಾಕಿತ್ತು. 2025ರಲ್ಲಿ ತೆಂಗಿನಕಾಯಿಯ ಬೆಲೆ ಏರಿದ್ದನ್ನು ನೆನೆದರೆ ಮನೆಯ ಕಾಯಾದರೂ ಹೊಟ್ಟೆ ಉರಿಯುತ್ತದೆ. ಮುರುಗಲ ಹಣ್ಣಿನ ಪಾನಕ ಐದು ಲೀಟರ್ ಮಾಡಿದ್ದು ಶುದ್ಧ ದಡ್ಡತನ. ಆ ಚಳಿಯಲ್ಲಿ ತಣ್ಣನೆಯದ್ದು ಯಾರಿಗೆ ಬೇಕು? ನಾಲ್ಕು ಲೀಟರ್ ಉಳಿಯಿತು. ದೊಡ್ಡವರೆಲ್ಲ ಬಿಸಿ ಕಷಾಯ, ಹಲಸಿನಕಾಯಿ ಹಪ್ಪಳದ ಸುತ್ತ ಇದ್ದರು. ಸೌತೆಕಾಯಿಯನ್ನು ಉದ್ದುದ್ದ ಸೀಳಿ ಜೋಡಿಸಿಟ್ಟ ತಟ್ಟೆಯನ್ನು ಒಂದು ಮಗುವೂ ಮುಟ್ಟಲಿಲ್ಲ, ಅದನ್ನು ಆಕಳು ತಿಂದಿತು. ತೋಟದ ಪುಟ್ಟಬಾಳೆ ಒಂದು ಗೊನೆ ಮುಗಿಯಿತು. ಬಡಿಸಿದ್ದು ಅಡಿಕೆ ಹಾಳೆಯ ಬಟ್ಟಲಿನಲ್ಲಾದ್ದರಿಂದ ತೊಳೆಯುವ ಕೆಲಸವೂ ಇರಲಿಲ್ಲ. ಮನೆಯ ಕಾಯಿ, ಬಾಳೆಹಣ್ಣು ಬಿಟ್ಟು ಕೈಯಿಂದ ಕೊಟ್ಟ ಹಣ 2,350 ರೂಪಾಯಿ, ಅದರಲ್ಲಿ 400 ರೂಪಾಯಿ ಕೇಕಿಗೆ.

ಆ ಕೇಕು ತೀರ್ಥಹಳ್ಳಿಯಿಂದ ಜೀಪಿನಲ್ಲಿ ಬರುವಾಗ ಒಂದು ಕಡೆ ಕುಸಿದು ಗುಡ್ಡ ಜರಿದಂತಾಗಿತ್ತು. ಪುಟ್ಟಿ ದೀಪ ಊದಿದಳು, ಕೇಕು ಕತ್ತರಿಸಿದಳು, ಅದರ ಬಗ್ಗೆ ಅವಳಿಗೆ ಯಾವ ಬೇಸರವೂ ಇರಲಿಲ್ಲ. ಆನೆಯ ಬಳಿ ಚಾಕು ತಂದಾಗ ಮಾತ್ರ ಕಿರುಚಿಬಿಟ್ಟಳು. ಆನೆಯನ್ನು ಕತ್ತರಿಸಬಾರದು! ಯಾರು ಹೇಳಿದರೂ ಕೇಳಲಿಲ್ಲ. ವಜ್ರಾಕಾರದ ತುಂಡುಗಳಿದ್ದ ತಟ್ಟೆ ಹಾಗೂ ಆನೆಯ ಸುತ್ತ ಕತ್ತರಿಸಿ ತೆಗೆದ ಚೂರುಗಳು ಎಲ್ಲರಿಗೂ ಸಾಲದೆ ಬರಬಹುದು ಎಂದುಕೊಂಡಿದ್ದೆವು, ಸಾಕಾಯಿತು. ಹಾಲು ಆಗದ ಹುಡುಗ ಮೂರು ತುಂಡು ತಿಂದ. ಅವನ ತಾಯಿ ಡಬ್ಬಿಯನ್ನು ಬಿಚ್ಚದೆ ವಾಪಸು ಒಯ್ದಳು. ಹೋಗುವಾಗ ಹಾಲುಬಾಯಿಗೆ ರಾಗಿ ಎಷ್ಟು, ಬೆಲ್ಲ ಎಷ್ಟು ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ 900 ಗ್ರಾಂ ಎಂದೇ ಹೇಳಿದರು.

ಆನೆ ರಾತ್ರಿಯೂ ತಟ್ಟೆಯಲ್ಲಿಯೇ ಇತ್ತು. ಇರುವೆ ಬಾರದಂತೆ ತಟ್ಟೆಯ ಕೆಳಗೆ ನೀರಿನ ಪರಾತ ಇಟ್ಟು ಮುಚ್ಚಿದೆವು. ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ತಂಗಿ ಮುಚ್ಚಳ ತೆಗೆದು ನೋಡಿದಳು. ಬಾಲ ಇರಲಿಲ್ಲ, ಹಿಂದಿನ ಒಂದು ಕಾಲೂ ಇರಲಿಲ್ಲ. ಪುಟ್ಟಿ ಬಾಗಿಲ ಹಿಂದೆ ನಿಂತು, ಚಾಕು ಮುಟ್ಟಿಲ್ಲ ಎಂದಳು.